ಕಾರಂಜಿಗೆ ಗಾಡಿ ಇಳಿಸಿದವನ ಕೈಗೆ ಚಂದ್ರ

ತಿಖೋನ್ ಕರವಾಯೆವ್ ಒಳ್ಳೆಯ ಮನುಷ್ಯ ಎಂಬುದರಲ್ಲಿ ಸಿಂಫೆರೋಪೋಲ್ ಊರಿನ ನಮ್ಮ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನ ಕೈಗೆ ಸ್ಟಿಯರಿಂಗ್ ಕೊಡಬಾರದು ಎಂಬುದರಲ್ಲೂ ಇರಲಿಲ್ಲ.

ಹನ್ನೊಂದು ವರ್ಷ ಅವನು ಬ್ರೆಡ್ಡಿನ ವ್ಯಾನು ಓಡಿಸಿದ. ಆ ಹನ್ನೊಂದು ವರ್ಷದಲ್ಲಿ ಪತ್ರಿಕೆ ಮಾರುವ ಒಂದು ಗೂಡು, ಎರಡು ಬೇಲಿ, ನಮ್ಮ ಅಂಗಳದ ಪಾಪ್ಲಾರ್ ಮರ ಮತ್ತು ಮೇ ತಿಂಗಳ ಮೆರವಣಿಗೆಗೆಂದು ನಿಂತಿದ್ದ ವಾದ್ಯದವರ ದೊಡ್ಡ ಡೋಲು ಅವನ ವ್ಯಾನಿಗೆ ಅಡ್ಡ ಬಂದವು. ‘ಅಡ್ಡ ಬಂದವು’ ಎಂಬುದು ಅವನ ಮಾತು. ಮರ ಹೇಗಪ್ಪಾ ಅಡ್ಡ ಬರುತ್ತದೆ ಎಂದು ಯಾರೂ ಕೇಳಲಿಲ್ಲ, ಅಷ್ಟು ಒಳ್ಳೆಯವನು. ಆದರೆ ೧೯೭೦ರ ಆಗಸ್ಟಿನಲ್ಲಿ ರೈಲು ನಿಲ್ದಾಣದ ಮುಂದಿನ ಕಾರಂಜಿಯೇ ಅಡ್ಡ ಬಂತು. ಇನ್ನೂರು ಬ್ರೆಡ್ಡು ನೀರಿನಲ್ಲಿ ತೇಲಿದವು. ರೈಲಿಗೆ ಕಾಯುತ್ತಿದ್ದವರು ತಮ್ಮ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ನೋಡಿದರು. ಪೊಲೀಸರು ಅವನ ಲೈಸೆನ್ಸು ಕಿತ್ತುಕೊಂಡರು. ಹೆಂಡತಿ ಕ್ಲಾವ್ದಿಯಾ ಅವನ ಹಾಸಿಗೆಯನ್ನು ಎತ್ತಿ ಅಡುಗೆಮನೆಗೆ ಹಾಕಿದಳು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಎರಡನೇ ಮಹಡಿಯಲ್ಲಿ ಅವರ ಅಡುಗೆಮನೆಗೂ ನನ್ನ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಮತ್ತು ಅದನ್ನು ಕಟ್ಟಿದವರು ಸಿಮೆಂಟಿನ ವಿಷಯದಲ್ಲಿ ಬಹಳ ಕೈ ಬಿಗಿ ಹಿಡಿದಿದ್ದರು. ಕಟ್ಟಡದ ಕೆಳಗಿನ ಔಷಧದಂಗಡಿಯಲ್ಲಿ ನನಗೆ ಕೆಲಸ. ಹದಿನಾಲ್ಕು ಮನೆಗಳಿಗೂ ಸೇರಿ ಇದ್ದ ಒಂದೇ ಟೆಲಿಫೋನು ಅಲ್ಲಿತ್ತು. ಎದೆಬಡಿತ ಇಳಿಸುವ ವಲೇರಿಯನ್ ಹನಿಗಳೂ ಅಲ್ಲೇ ಇದ್ದವು. ಆ ಚಳಿಗಾಲ ನಮ್ಮ ಕಟ್ಟಡಕ್ಕೆ ಎರಡೂ ವಿಪರೀತ ಬೇಕಾದವು.

ಅಕ್ಟೋಬರಿನಲ್ಲಿ ತಿಖೋನನಿಗೆ ಹೊಸ ಕೆಲಸ ಸಿಕ್ಕಿತು. ಬೀದಿಯ ಮೂಲೆಗೆ ದಿನವೂ ಒಂದು ಹಸಿರು ಬಸ್ಸು ಬಂದು ಅವನನ್ನು ಹತ್ತಿಸಿಕೊಂಡು ಊರಾಚೆ ಹೋಗುತ್ತಿತ್ತು. ಎಲ್ಲಿಗೆ ಎಂದು ಬಸ್ಸಿನ ಮೇಲೆ ಬರೆದಿರಲಿಲ್ಲ.

“ಏನು ಕೆಲಸ?” ಎಂದು ಕ್ಲಾವ್ದಿಯಾ ಕೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

“ಗಾಡಿ.”

“ಲೈಸೆನ್ಸ್ ಇಲ್ದೋನಿಗೆ ಯಾವ ಪುಣ್ಯಾತ್ಮ ಗಾಡಿ ಕೊಟ್ಟ?”

“ಅದಕ್ಕೆ ಲೈಸೆನ್ಸ್ ಬೇಕಾಗಿಲ್ಲ ಕ್ಲಾವಾ. ಬೇರೆ ಥರದ್ದು. ಸರ್ಕಾರದ್ದು. ಯಾರಿಗೂ ಏನೂ ಹೇಳಲ್ಲ ಅಂತ ಸಹಿ ಹಾಕಿದೀನಿ. ಕೇಳ್ಬೇಡ.”

‘ಕೇಳ್ಬೇಡ’ ಎಂದ ದನಿಯಲ್ಲಿ ಗುಲಗಂಜಿಯಷ್ಟು ಗತ್ತಿತ್ತು. ಮುಂದಿನ ಅನಾಹುತಕ್ಕೆಲ್ಲ ಆ ಗುಲಗಂಜಿಯೇ ಮೂಲ.

ನನಗೆ ತಿಳಿದದ್ದು ತಡವಾಗಿಯಾದರೂ, ನಿಮಗೆ ನಿಜವನ್ನು ಈಗಲೇ ಹೇಳಿಬಿಡುತ್ತೇನೆ. ಊರಾಚೆಯ ಆ ಜಾಗದಲ್ಲಿ ಯಾರೋ ಏನೋ ದೊಡ್ಡ ಕೆಲಸ ಮಾಡುತ್ತಿದ್ದರು. ತಿಖೋನನ ಕೆಲಸ ಅವರ ಕ್ಯಾಂಟೀನಿನಲ್ಲಿ. ಸೂಪಿನ ಪಾತ್ರೆಗಳನ್ನಿಟ್ಟ ತಳ್ಳುಗಾಡಿಯನ್ನು ಅಡುಗೆಮನೆಯಿಂದ ಉದ್ದನೆಯ ಕಾರಿಡಾರಿನಲ್ಲಿ ತಳ್ಳಿಕೊಂಡು ಹೋಗಿ ಅವರಿಗೆ ಬಡಿಸಬೇಕು. ಹನ್ನೊಂದು ವರ್ಷ ವ್ಯಾನು ಓಡಿಸಿದವನಿಗೆ ಇದನ್ನು ಹೆಂಡತಿಯ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. ಅಷ್ಟೇ.

ನವೆಂಬರಿನಲ್ಲಿ ನಮ್ಮವರ ನೌಕೆಯೊಂದು ಚಂದ್ರನ ಮೇಲೆ ಇಳಿದು, ಅದರೊಳಗಿಂದ ಒಂದು ಗಾಡಿ ಕೆಳಗೆ ಬಂತು. ಅಂಗಳದ ಬೆಂಚಿನ ಮೇಲೆ ಕೂತು ಗೊರ್ದೇಯ್ ಫೊಮಿಚ್ ಪತ್ರಿಕೆ ಓದಿ ಹೇಳುತ್ತಿದ್ದ. ಗೊರ್ದೇಯ್ ಹವಾಮಾನ ಕಚೇರಿಯಲ್ಲಿ ಮೂವತ್ತು ವರ್ಷ ಮಳೆ ಅಳೆದು ನಿವೃತ್ತನಾದವನು. ಅಳೆಯದೆ ಏನನ್ನೂ ನಂಬದವನು. ಪಕ್ಕದಲ್ಲಿ ಕ್ಲಾವ್ದಿಯಾಳ ತಾಯಿ ಅಗ್ರಫೇನಾ ಅಜ್ಜಿ ಸೂರ್ಯಕಾಂತಿ ಬೀಜ ಕಡಿಯುತ್ತ ಕೇಳುತ್ತಿದ್ದಳು.

“ಎಂಟು ಚಕ್ರ. ಒಳಗೆ ಒಂದು ನರಪಿಳ್ಳೆ ಇಲ್ಲ. ಚಾಲಕರು ಭೂಮಿ ಮೇಲೇ ಕೂತ್ಕೊಂಡು ಓಡಿಸ್ತಾರಂತೆ.”

“ಯಾರಂತೆ ಆ ಚಾಲಕರು?”

“ಹೆಸರು ಹಾಕಿಲ್ಲ ಅಜ್ಜಿ. ರಹಸ್ಯ. ಯಾರಿಗೂ ಹೇಳಲ್ಲ ಅಂತ ಸಹಿ ಹಾಕಿಸ್ಕೊಂಡಿರ್ತಾರೆ.”

ಅಜ್ಜಿಯ ಹಲ್ಲಿನ ನಡುವೆ ಬೀಜ ಹಾಗೇ ನಿಂತಿತು. ಅದೇ ಹೊತ್ತಿಗೆ ಹಸಿರು ಬಸ್ಸು ಬಂತು. ತಿಖೋನ್ ಸೊಂಟ ಹಿಡಿದುಕೊಂಡು ಇಳಿದ.

“ಏನಾಯ್ತೋ ಅಳಿಯಾ?”

“ಅಯ್ಯೋ ಅತ್ತೆ, ಗಾಡಿ ಒಂದು ಗುಳಿಗೆ ಸಿಕ್ಕಾಕೊಂಡ್ಬಿಡ್ತು. ಹಿಂದೆ, ಮುಂದೆ, ಹಿಂದೆ, ಮುಂದೆ. ಅರ್ಧ ಗಂಟೆ! ನೆಲಾನೇ ಸರಿ ಇಲ್ಲ ಅಲ್ಲಿ.” ತಕ್ಷಣ ಅವನಿಗೆ ಸಹಿ ನೆನಪಾಯಿತು. ಬಾಯಿಗೆ ಕೈ ಹಚ್ಚಿಕೊಂಡು, “ನಾನೇನೂ ಹೇಳ್ಲಿಲ್ಲ!” ಎಂದವನೇ ಮೆಟ್ಟಿಲು ಹತ್ತಿ ಮಾಯವಾದ.

ಕ್ಯಾಂಟೀನಿನ ಕಾರಿಡಾರಿನಲ್ಲಿ ಒಂದು ನೆಲಹಾಸಿನ ಬಿಲ್ಲೆ ಕಿತ್ತುಹೋಗಿತ್ತು. ಆದರೆ ಬೆಂಚಿನ ಮೇಲಿದ್ದ ಇಬ್ಬರ ಕಣ್ಣಿಗೆ ಕಂಡದ್ದು ಆ ಬಿಲ್ಲೆಯಲ್ಲ. ಐದು ನಿಮಿಷದಲ್ಲಿ ಗೊರ್ದೇಯ್ ಅಜ್ಜಿಯ ತೋಳು ಹಿಡಿದು ನನ್ನ ಅಂಗಡಿಗೆ ತಂದ. ಅಜ್ಜಿಯ ಮುಖ ಸುಣ್ಣದಂತಾಗಿತ್ತು.

“ಇಪ್ಪತ್ತು ಹನಿ ಕೊಡಮ್ಮ ರೈಸಾ,” ಎಂದ ಗೊರ್ದೇಯ್. “ನಂಗೂ ಇಪ್ಪತ್ತು.”

“ಏನಾಯ್ತು?”

“ಕಾರಂಜಿ...” ಎಂದಳು ಅಜ್ಜಿ. “ಅಯ್ಯೋ ದೇವ್ರೇ, ಆ ಕಾರಂಜಿ ಮನುಷ್ಯನ ಕೈಗೆ ಚಂದ್ರನ್ನ ಕೊಟ್ಟಿದಾರಲ್ಲೇ!”

ವಿಷಯ ಕೇಳಿ ನಾನೂ ಹತ್ತು ಹನಿ ಕುಡಿದೆ.

ಮರುದಿನದಿಂದ ಗೊರ್ದೇಯ್ ಒಂದು ನೋಟುಪುಸ್ತಕ ಇಟ್ಟ. ಒಂದು ಕಡೆ ಪತ್ರಿಕೆಯಲ್ಲಿ ಬಂದ ಚಂದ್ರನ ಗಾಡಿಯ ಸುದ್ದಿ, ಇನ್ನೊಂದು ಕಡೆ ತಿಖೋನ್ ಹೊರಟ ಹೊತ್ತು, ಬಂದ ಹೊತ್ತು. ಒಂದು ವಾರವಾದರೂ ಗಾಡಿ ಓಡಿದ್ದು ಸುಮಾರು ಇನ್ನೂರು ಮೀಟರು ಎಂದು ಪತ್ರಿಕೆ ಬರೆಯಿತು.

“ನೋಡಿ, ವಾರಕ್ಕೆ ಇನ್ನೂರು ಮೀಟರು,” ಎಂದು ಪೆನ್ಸಿಲ್ ಆಡಿಸಿದ. “ಇಷ್ಟು ಮೆಲ್ಲಗೆ ಯಾರು ಓಡಿಸ್ತಾರೆ? ಒಂದ್ಸಲ ಕಾರಂಜಿಗೆ ಬಿದ್ದೋನು.”

ಅದಾದ ಎರಡು ದಿನಕ್ಕೆ ಚಂದ್ರನ ಮೇಲೆ ರಾತ್ರಿಯಾಯಿತು. ಅಲ್ಲಿನ ರಾತ್ರಿ ನಮ್ಮ ಎರಡು ವಾರ. ಗಾಡಿ ಮುಚ್ಚಳ ಮುಚ್ಚಿಕೊಂಡು ನಿದ್ದೆ ಹೋಗಿದೆ ಎಂದು ಪತ್ರಿಕೆ ಹೇಳಿತು. ಓಡಿಸುವವರಿಗೆ ಕೆಲಸವಿಲ್ಲದ ಮೇಲೆ ಸೂಪು ಕುಡಿಯುವವರಾರು? ತಿಖೋನನಿಗೂ ಎರಡು ವಾರ ರಜೆ ಕೊಟ್ಟರು. ಅವನು ಪೈಜಾಮ ಹಾಕಿಕೊಂಡು ಅಂಗಳಕ್ಕೆ ಬಂದು ಬೆಂಚಿನ ಮೇಲೆ ಕೂತ. ಗೊರ್ದೇಯ್ ಪಕ್ಕಕ್ಕೆ ಜರುಗಿ, ಎಲ್ಲೋ ನೋಡುತ್ತ, ಅವನ ಅಪ್ಪನ ಹೆಸರನ್ನೂ ಸೇರಿಸಿ ಮರ್ಯಾದೆಯಿಂದ ಕೇಳಿದ:

“ಏನು ತಿಖೋನ್ ಸವೆಲಿಚ್, ಗಾಡಿಗೆ ರಜಾನಾ?”

ತಿಖೋನ್ ಸುತ್ತ ನೋಡಿ ದನಿ ತಗ್ಗಿಸಿದ. “ಹೂಂ. ಮುಚ್ಚಳ ಮುಚ್ಚಿಟ್ಟಿದೀವಿ.”

“ಮುಚ್ಚಳ!” ಗೊರ್ದೇಯನ ಪೆನ್ಸಿಲ್ ಮುರಿಯಿತು. “ಮುಚ್ಚದೇ ಇದ್ರೆ ಏನಾಗುತ್ತೆ?”

“ತಣ್ಣಗಾಗ್ಬಿಡುತ್ತಲ್ಲ ಮಾರಾಯ್ರೆ. ತಣ್ಣಗಾದ್ರೆ ಮುಗೀತು.”

“ಹಾಗೇ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಚಕ್ರ ಎಷ್ಟು?”

“ಮೊದ್ಲು ನಾಲ್ಕಿತ್ತು. ಅಲ್ಲಿನ ಇಂಜಿನಿಯರು ಹುಡುಗರು ತಮಾಷೆಗೆ ಅಂತ ಇನ್ನೂ ನಾಲ್ಕು ಹಾಕಿದಾರೆ.”

“ತಮಾಷೆಗೆ,” ಎಂದು ಪಿಸುಗುಟ್ಟಿದ ಗೊರ್ದೇಯ್, ನೆಟ್ಟಗೆ ನನ್ನ ಅಂಗಡಿಗೆ ಬಂದ. ಅವತ್ತು ಅವನಿಗೆ ಮೂವತ್ತು ಹನಿ ಬೇಕಾಯಿತು.

ಕಟ್ಟಡವೇ ಬದಲಾಯಿತು. ತಿಖೋನ್ ಮಲಗಿದ್ದಾನೆಂದರೆ ಅಗ್ರಫೇನಾ ಅಜ್ಜಿ ಮೆಟ್ಟಿಲ ಮೇಲೆ ನಿಂತು, ಬಂದವರಿಗೆಲ್ಲ ಬೂಟು ಬಿಚ್ಚಿ ಹತ್ತಿ ಎನ್ನುವಳು. “ಚಂದ್ರನ ಮೇಲೆ ಈಗ ರಾತ್ರಿ. ಗಲಾಟೆ ಮಾಡ್ಬೇಡಿ.” ನಾಲ್ಕನೇ ಮಹಡಿಯ ಪಿಯಾನೋ ನಿಂತಿತು. ಗೋಡೆಯಾಚೆ ಒಂದು ಸಂಜೆ ಭಾರವಾದದ್ದೇನನ್ನೋ ಎಳೆದ ಸದ್ದಾಯಿತು. ಹಾಸಿಗೆ ಅಡುಗೆಮನೆಯಿಂದ ಕೋಣೆಗೆ ವಾಪಸು ಹೋಯಿತು. ಕ್ಲಾವ್ದಿಯಾ ಅವನ ಷರಾಯಿಗೆ ಇಸ್ತ್ರಿ ಹಾಕಿದಳು, ಚೆರ್ರಿ ಹಣ್ಣು ತುಂಬಿದ ಕಡುಬು ಮಾಡಿದಳು.

ಪಾಪ, ತಿಖೋನ್‌ಗೆ ಇದರ ತಲೆಬುಡ ತಿಳಿಯಲಿಲ್ಲ. ಹೇಗೋ ಸೂಪಿನ ಗಾಡಿಯ ವಿಷಯ ಎಲ್ಲರಿಗೂ ಗೊತ್ತಾಗಿದೆ, ಆದರೂ ಯಾರೂ ಕೀಳಾಗಿ ಕಾಣುತ್ತಿಲ್ಲ ಎಂದುಕೊಂಡ. ನನ್ನ ಅಂಗಡಿಗೆ ಕೆಮ್ಮಿನ ಔಷಧಕ್ಕೆ ಬಂದವನು ಕಣ್ಣು ಒದ್ದೆ ಮಾಡಿಕೊಂಡು ಹೇಳಿದ: “ನಮ್ಮ ಜನ ಎಷ್ಟು ದೊಡ್ಡವರು ರೈಸಾ! ನಾನು ಸುಮ್ನೆ ನಾಚ್ಕೊಂಡಿದ್ದೆ. ಗಾಡಿ ಸಣ್ಣದಾದ್ರೇನು ಅಲ್ವಾ?”

“ಸಣ್ಣದೇನು ಬಂತು ತಿಖೋನ್ ಸವೆಲಿಚ್,” ಎಂದೆ ನಾನು, ಔಷಧಕ್ಕೆ ದುಡ್ಡು ತೆಗೆದುಕೊಳ್ಳದೆ.

ಹೆಮ್ಮೆಯ ಹಿಂದೆಯೇ ಭಯ ಬಂತು. ಭಯಪಟ್ಟವಳು ಮನೆ ಸಮಿತಿಯ ಅಧ್ಯಕ್ಷೆ ಜಿನೈದಾ ಪ್ರೊಕೊಫ್ಯೆವ್ನಾ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಮನುಷ್ಯರನ್ನು ಟಿಕೆಟ್ ಇದ್ದವರು, ಇಲ್ಲದವರು ಎಂದು ಎರಡೇ ಬಗೆಯಾಗಿ ನೋಡುವವಳು. ಅವಳು ಕೆಳಗಿನ ಸಭಾಕೋಣೆಯಲ್ಲಿ ನಮ್ಮನ್ನೆಲ್ಲ ಸೇರಿಸಿದಳು, ಕರವಾಯೆವ್ ಮನೆಯವರನ್ನು ಬಿಟ್ಟು.

“ನಾಳೆ ಆ ಗಾಡಿ ಪಲ್ಟಿ ಹೊಡೀತು ಅಂತ ಇಟ್ಕೊಳ್ಳಿ,” ಎಂದಳು. “ಇಡೀ ಪ್ರಪಂಚ ನೋಡ್ತಿದೆ. ಓಡಿಸಿದೋನು ಯಾರು ಅಂತ ವಿಚಾರಣೆ ಆಗುತ್ತೆ. ಇವನು ಕಾರಂಜಿಗೆ ಇಳಿಸಿದ್ದು ನಿಮ್ಗೆ ಗೊತ್ತಿತ್ತಾ ಅಂತ ಕೇಳ್ತಾರೆ. ಗೊತ್ತಿತ್ತು. ಮತ್ಯಾಕೆ ಹೇಳ್ಲಿಲ್ಲ? ಏನ್ ಉತ್ತರ ಕೊಡ್ತೀರಿ?”

ನಾನು ಜೇಬಿನಲ್ಲಿ ವಲೇರಿಯನ್ ಸೀಸೆಗೆ ತಡಕಾಡಿದೆ.

“ಅವನ ಹೊಟ್ಟೆ ಮೇಲೆ ಹೊಡೆದಂಗಾಗಲ್ವಾ?” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಚಂದ್ರನ ಮೇಲೆ ಕಾರಂಜಿ ಇಲ್ಲ, ಒಪ್ದೆ,” ಎಂದಳು ಜಿನೈದಾ. “ಆದ್ರೆ ಗುಳಿಗಳಿವೆ!”

ಪತ್ರ ಬರೆದವನು ಗೊರ್ದೇಯ್. ಅದರ ಪ್ರತಿ ಸಾಲೂ ನನಗೆ ನೆನಪಿದೆ. ‘ಮಾನ್ಯರೇ, ನಾವು ಯಾರ ಮೇಲೂ ದೂರು ಹೇಳುತ್ತಿಲ್ಲ. ನಾಗರಿಕ ಕರವಾಯೆವ್ ಸಜ್ಜನ. ಆದರೆ ಭೂಮಿಯ ಮೇಲೆ ಅವರು ಈ ಕೆಳಕಂಡ ವಸ್ತುಗಳಿಗೆ ಡಿಕ್ಕಿ ಹೊಡೆದಿರುತ್ತಾರೆ’ ಎಂದು ಶುರುವಾಗಿ, ಗೂಡು, ಬೇಲಿ, ಮರ, ಡೋಲು, ಕಾರಂಜಿ ಎಲ್ಲವೂ ತಾರೀಖಿನ ಸಮೇತ ಇದ್ದವು. ‘ಆದುದರಿಂದ ಅವರ ಪಕ್ಕದಲ್ಲಿ ಬ್ರೇಕು ಹಿಡಿಯಲು ಇನ್ನೊಬ್ಬರನ್ನು ಕೂರಿಸಬೇಕಾಗಿ ಪ್ರಾರ್ಥನೆ’ ಎಂದು ಮುಗಿದಿತ್ತು. ಹದಿಮೂರು ಮನೆಯವರೂ ಸಹಿ ಹಾಕಿದೆವು. ಲಕೋಟೆಯ ಮೇಲೆ ವಿಳಾಸ: ಮಾಸ್ಕೋ, ಚಂದ್ರನ ಉಸ್ತುವಾರಿಯವರಿಗೆ.

ಆ ವಿಳಾಸಕ್ಕೆ ಪತ್ರ ತಲುಪುವುದಿಲ್ಲ ಎಂದು ನಾನು ಸಹಿ ಹಾಕುವಾಗ ಸಮಾಧಾನ ಮಾಡಿಕೊಂಡಿದ್ದೆ. ಡಿಸೆಂಬರಿನಲ್ಲಿ ಚಂದ್ರನ ಮೇಲೆ ಬೆಳಗಾಯಿತು, ತಿಖೋನ್ ಮತ್ತೆ ಬಸ್ಸು ಹತ್ತತೊಡಗಿದ. ಒಂದು ವಾರ ಕಳೆದ ಮೇಲೆ, ಬೆಳಿಗ್ಗೆ ಹತ್ತೂವರೆಗೆ, ಅಂಗಳಕ್ಕೆ ಕಪ್ಪು ವೋಲ್ಗಾ ಕಾರು ಬಂದು ನಿಂತಿತು. ಪತ್ರ ತಲುಪಿತ್ತು.

ಇಳಿದವನು ಭದ್ರತಾ ಇಲಾಖೆಯ ಒಬ್ಬ ಕ್ಯಾಪ್ಟನ್. ಬಸ್ಸಿಗೆ ಹೊರಟಿದ್ದ ತಿಖೋನನನ್ನು ಅಲ್ಲೇ ತಡೆದ. ಹತ್ತು ನಿಮಿಷದಲ್ಲಿ ಹದಿನಾಲ್ಕು ಮನೆಯವರೂ ಸಭಾಕೋಣೆಯಲ್ಲಿ ಸೇರಿದೆವು. ಕ್ಯಾಪ್ಟನ್ ಪತ್ರ ಎತ್ತಿ ಹಿಡಿದ.

“ಇದನ್ನ ಬರೆದೋರು ಯಾರು?”

ನಾವೆಲ್ಲ ಗೊರ್ದೇಯ್ ಕಡೆ ನೋಡಿದೆವು. ಗೊರ್ದೇಯ್ ಜಿನೈದಾ ಕಡೆ ನೋಡಿದ. ಜಿನೈದಾ ಗೋಡೆಗೆ ಅಂಟಿಸಿದ್ದ ಬೆಂಕಿ ಆರಿಸುವ ಸೂಚನೆಗಳನ್ನು ಶ್ರದ್ಧೆಯಿಂದ ಓದತೊಡಗಿದಳು.

“ಇರ್ಲಿ. ಕೇಳಿ ಎಲ್ರೂ. ಈ ಮನುಷ್ಯ ಚಂದ್ರನ ಗಾಡಿ ಓಡಿಸ್ತಿಲ್ಲ.”

“ಮತ್ತೆ ಯಾವ ಗಾಡಿ ಓಡಿಸ್ತಾರೆ?” ಎಂದಳು ಜಿನೈದಾ.

“ಯಾವ್ದೂ ಓಡಿಸಲ್ಲ.”

“ಕೆಲಸ ಎಲ್ಲಿ?”

ಅಂಥದೊಂದು ಜಾಗ ಇದೆ ಎಂದು ಹೇಳಲು ಕ್ಯಾಪ್ಟನ್‌ಗೆ ಅಪ್ಪಣೆ ಇರಲಿಲ್ಲ. “ಎಲ್ಲೂ ಇಲ್ಲ,” ಎಂದ.

ಜಿನೈದಾಳಿಗೆ ಹಳೆಯ ಹುದ್ದೆ ಮೈಮೇಲೆ ಬಂತು. “ಕೆಲಸ ಇಲ್ದೆ ತಿಂದುಂಡು ಇರೋರ ಮೇಲೆ ಕಾನೂನಿದೆ ಕಾಮ್ರೇಡ್ ಕ್ಯಾಪ್ಟನ್. ಗೊರ್ದೇಯ್ ಫೊಮಿಚ್, ಬರ್ಕೊಳ್ಳಿ.”

“ಬರ್ಕೋಬೇಡಿ! ಕೆಲಸ ಇದೆ.”

“ಎಲ್ಲಿ?”

ಕ್ಯಾಪ್ಟನ್ ಕೊರಳಪಟ್ಟಿ ಸಡಿಲಿಸಿದ. “ಆ ಜಾಗ ಇಲ್ಲ.”

“ಇಲ್ಲದ ಜಾಗದಲ್ಲಿ ಕೆಲಸ ಇದೆ,” ಎಂದು ಗೊರ್ದೇಯ್ ಬರೆದುಕೊಂಡ. “ಸರಿ. ಆ ಜಾಗ ಇಲ್ಲಿಂದ ಎಷ್ಟು ಕಿಲೋಮೀಟರು?”

ಕ್ಯಾಪ್ಟನ್ ಬೆವರು ಒರೆಸಿಕೊಂಡು ತಿಖೋನ್ ಕಡೆ ತಿರುಗಿದ. “ನೀನೇ ಹೇಳಪ್ಪ. ನೀನು ಚಂದ್ರನ ಗಾಡಿ ಓಡಿಸ್ತೀಯಾ?”

ಆ ಮಾತು ತಿಖೋನನ ಕಿವಿಗೆ ಬಿದ್ದದ್ದು ಅದೇ ಮೊದಲು. “ಯಾರು? ನಾನಾ?” ಎಂದ. ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಬಿಚ್ಚಿಟ್ಟ ಬೂಟುಗಳು, ನಿಂತ ಪಿಯಾನೋ, ಚೆರ್ರಿ ಕಡುಬು, ಕೋಣೆಗೆ ಮರಳಿದ ಹಾಸಿಗೆ, ಎಲ್ಲದರ ಅರ್ಥ ಅವನ ಮುಖದ ಮೇಲೆ ಒಂದೊಂದಾಗಿ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಕೊನೆಗೆ ಕ್ಲಾವ್ದಿಯಾಳನ್ನು ನೋಡಿದ. ಅವಳು ಹಬ್ಬದ ಶಾಲು ಹೊದ್ದು, ಎರಡೂ ಕೈ ಬಿಗಿದು ನಿಂತಿದ್ದಳು.

“ಸಹಿ ಹಾಕಿದೀನಿ,” ಎಂದ ತಿಖೋನ್. “ಹೇಳಕ್ಕಾಗಲ್ಲ.”

“ಇಲ್ಲ ಅಂತ ಹೇಳೋಕೆ ನಿಂಗೆ ಅನುಮತಿ ಇದೆಯಪ್ಪಾ!”

“ಬರೆದು ಕೊಟ್ಟಿದೀರಾ?”

ಕ್ಯಾಪ್ಟನ್ ನನ್ನ ಕಡೆ ತಿರುಗಿ ಹನಿ ಕೇಳಿದ. ತರಲು ಹೋದೆ. ಒಂದು ಸಲ ಸಾಲಲಿಲ್ಲ. ಹೀಗೆ ಕೇಳುವುದು, ತಪ್ಪಿಸಿಕೊಳ್ಳುವುದು, ಹನಿ ಕುಡಿಯುವುದರಲ್ಲಿ ಮಧ್ಯಾಹ್ನ ಎರಡಾಯಿತು. ಆಗ ಔಷಧದಂಗಡಿಯ ಟೆಲಿಫೋನು ಹೊಡೆದುಕೊಂಡಿತು. ಓಡಿ ಹೋಗಿ ಎತ್ತಿದೆ.

“ಕರವಾಯೆವ್ ಎಲ್ರೀ?” ಎಂದು ಆ ಕಡೆಯ ಗಂಡಸು ಕಿರುಚಿದ. “ಗಾಡಿ ನಿಂತಲ್ಲೇ ನಿಂತಿದೆ! ಹುಡುಗರಿಗೆ ಕಣ್ಣು ಕತ್ತಲೆ ಬರ್ತಿದೆ, ಅವನು ಬರೋವರ್ಗೂ ಕೈ ಹಚ್ಚಲ್ಲ ಅಂತ ಕೂತಿದಾರೆ! ಅವನನ್ನ ತಡೆದಿರೋನು ಯಾವನು?”

ನಾನು ಔಷಧದಂಗಡಿಯವಳು. ಬರೆದದ್ದನ್ನು ಬರೆದಂತೆಯೇ ಓದುವುದು ನನ್ನ ಅಭ್ಯಾಸ. ಸಭಾಕೋಣೆಗೆ ಬಂದು ಅಕ್ಷರ ಬಿಡದೆ ಒಪ್ಪಿಸಿದೆ.

ಅಗ್ರಫೇನಾ ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಜಿನೈದಾ ತಲೆಯ ಟೋಪಿ ತೆಗೆದಳು. “ನಾಲ್ಕು ಲಕ್ಷ ಕಿಲೋಮೀಟರು ಆಚೆ,” ಎಂದ ಗೊರ್ದೇಯ್ ನೋಟುಪುಸ್ತಕ ಮುಚ್ಚಿ, “ಗಾಡಿ ನಿಂತಿದೆ. ಇವರು ಇಲ್ಲಿದಾರೆ ಅಂತ ನಿಂತಿದೆ.”

ಕ್ಯಾಪ್ಟನ್ ಒಂದೇ ನೆಗೆತಕ್ಕೆ ಟೆಲಿಫೋನು ಹಿಡಿದ. ಹಿಡಿದವನೇ ಸೆಟೆದು ನಿಂತ. “ಹೌದು ಕಾಮ್ರೇಡ್... ನನ್ನದೇ ತಪ್ಪು... ನಾನೇ ತಡೆದೆ... ಬಿಸಿ ಮಾಡಿಡಿ, ಈಗ್ಲೇ ಕರ್ಕೊಂಡ್ ಬರ್ತೀನಿ.”

ಹೊರಡುವ ಮುಂಚೆ ಅವಸರದಲ್ಲಿ ನಮ್ಮೆಲ್ಲರಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿದ. ನಮಗೆ ಏನು ಗೊತ್ತಿಲ್ಲವೋ ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಆಮೇಲೆ ವೋಲ್ಗಾದ ಬಾಗಿಲನ್ನು ಕ್ಯಾಪ್ಟನ್ ತನ್ನ ಕೈಯಾರೆ ತೆರೆದು ಹಿಡಿದ, ತಿಖೋನ್ ಒಳಗೆ ಕೂತ. ಕಾರು ಹಾರ್ನ್ ಹೊಡೆಯುತ್ತ ಹೋಯಿತು. ಜಿನೈದಾ ಅಂಗಳದ ನಡುವೆ ಸಲಾಮು ಹೊಡೆದು ನಿಂತಿದ್ದಳು.

ಅವತ್ತು ಸಂಜೆ ನಾನು ಗೋಡೆಗೆ ಗಾಜಿನ ಲೋಟ ಹಚ್ಚಿ ಕೇಳಿಸಿಕೊಂಡೆ. ನಾಚಿಕೆ ಏನು, ಕಟ್ಟಡದಲ್ಲಿ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

“ಕ್ಲಾವಾ, ಸೂಪು.”

“ಒಲೆ ಮೇಲಿದೆ.”

“ಅದಲ್ಲ. ನನ್ನ ಗಾಡಿ. ಸೂಪಿನ ಗಾಡಿ. ತಳ್ಳೋದು.”

ಗೋಡೆಯ ಈಚೆ ನನ್ನ ಕೈಯಿಂದ ಲೋಟ ಜಾರುವುದರಲ್ಲಿತ್ತು.

“ಸೂಪಾ?” ಎಂದಳು ಕ್ಲಾವ್ದಿಯಾ.

“ಬುಧವಾರ ಮೀನಿಂದು.”

“ಟೆಲಿಫೋನಲ್ಲಿ ಅಷ್ಟು ಕಿರುಚಾಡಿದ್ದು ಸೂಪಿಗಾ?”

“ಆ ಹುಡುಗರು ಎರಡೆರಡು ಗಂಟೆ ಕಣ್ಣು ಮಿಟುಕಿಸ್ದೆ ಕೂರ್ತಾರೆ ಕ್ಲಾವಾ. ಎದ್ದು ಬರೋವಾಗ ಬೆನ್ನೆಲ್ಲ ಬೆವರು, ಕೈ ನಡುಗ್ತಿರುತ್ತೆ. ಕೆಲವ್ರಿಗೆ ಚಮಚ ಹಿಡಿಯೋಕೂ ಆಗಲ್ಲ.”

“ಆಗ?”

“ಬಟ್ಟಲು ನಾನು ಹಿಡ್ಕೊಂಡಿರ್ತೀನಿ.”

ಹಾಸಿಗೆ ಎಳೆಯುವ ಸದ್ದಿಗಾಗಿ ನಾನು ಕಿವಿ ನಿಮಿರಿಸಿ ಕಾದೆ. ಅರ್ಧ ಗಂಟೆ ಕಾದೆ. ಬರಲಿಲ್ಲ. “ಉಪ್ಪು ಸರಿಯಾಗಿ ಹಾಕ್ತಾರಾ ಅಲ್ಲಿ?” ಎಂದು ಕ್ಲಾವ್ದಿಯಾ ಕೇಳಿದ್ದು ಮಾತ್ರ ಕೇಳಿಸಿತು.

ನಾನು ಯಾರಿಗೂ ಹೇಳಲಿಲ್ಲ. ಸಹಿ ಹಾಕಿದ್ದೆನಲ್ಲ.

ಚಂದ್ರನ ಗಾಡಿ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಕಾಲ ಓಡಿತು. ಮುಂದಿನ ವರ್ಷದ ಶರತ್ಕಾಲದಲ್ಲಿ ಒಂದು ದಿನ, ಅದು ಇನ್ನು ಏಳುವುದಿಲ್ಲ, ಕೆಲಸ ಮುಗಿಯಿತು ಎಂದು ಪತ್ರಿಕೆಯಲ್ಲಿ ಬಂತು. ಕಟ್ಟಡಕ್ಕೆ ಸಿಡಿಲು ಬಡಿದಂತಾಯಿತು. ಹದಿಮೂರು ಮನೆಯವರೂ ಕಪ್ಪು ಬಟ್ಟೆ ಹಾಕಿಕೊಂಡು, ಸಾವಿನ ಮನೆಗೆ ಹೋಗುವಂತೆ ಸಾಲಾಗಿ ಎರಡನೇ ಮಹಡಿ ಹತ್ತಿದೆವು.

ತಿಖೋನ್ ಬಾಗಿಲು ತೆರೆದ. ಅವನ ಕಣ್ಣು ನಿಜವಾಗಿಯೂ ಕೆಂಪಾಗಿತ್ತು. ಆ ಹುಡುಗರೆಲ್ಲ ತಂತಮ್ಮ ಊರಿಗೆ ಹೊರಟಿದ್ದರು.

“ನಮ್ಮನ್ನ ಕ್ಷಮಿಸ್ಬೇಕು ತಿಖೋನ್ ಸವೆಲಿಚ್,” ಎಂದಳು ಜಿನೈದಾ ಮೂಗು ಒರೆಸಿಕೊಂಡು. “ಆ ಪತ್ರ ಬರೆದ್ವಿ. ನಿಮ್ಮನ್ನ ನಂಬ್ಲಿಲ್ಲ ನಾವು.”

“ನಾನೂ ನಂಬಿರ್ಲಿಲ್ಲ ಜಿನೈದಾ ಪ್ರೊಕೊಫ್ಯೆವ್ನಾ. ಮೊದಲ ದಿನ ಕೈಕಾಲು ಗಡಗಡ ಅಂತಿತ್ತು. ಆದ್ರೆ ಇಷ್ಟು ತಿಂಗಳಲ್ಲಿ ಒಂದ್ಸಲಾನೂ ಚೆಲ್ಲಲಿಲ್ಲ.”

“ಏನು ಚೆಲ್ಲಲಿಲ್ಲ?” ಎಂದು ಗೊರ್ದೇಯ್ ನೋಟುಪುಸ್ತಕ ತೆಗೆದ.

“ಸಹಿ ಹಾಕಿದೀರಿ, ಕೇಳೋ ಹಾಗಿಲ್ಲ,” ಎಂದಳು ಕ್ಲಾವ್ದಿಯಾ ಥಟ್ಟನೆ. “ಬಂದೋರು ಹಾಗೇ ಹೋಗ್ಬೇಡಿ, ಕೂತ್ಕೊಳ್ಳಿ. ಬೀಟ್‌ರೂಟ್ ಸೂಪು ಮಾಡಿದೀನಿ. ತರ್ತೀನಿ.”

“ನೀನು ಕೂತ್ಕೋ,” ಎಂದ ತಿಖೋನ್. “ನಾನು ತರ್ತೀನಿ.”

ಇಪ್ಪತ್ತೈದು ಜನ ಆ ಸಣ್ಣ ಕೋಣೆಯಲ್ಲಿ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಬಾಗಿಲ ಬಳಿಯ ಪೆಟ್ಟಿಗೆಗಳ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದೆವು. ಕಾಲಿಡಲು ಜಾಗವಿರಲಿಲ್ಲ. ಅವನು ಅಂಚಿನವರೆಗೆ ತುಂಬಿದ ಬಟ್ಟಲುಗಳನ್ನು ಒಂದೊಂದು ಕೈಯಲ್ಲಿ ಎರಡೆರಡು ಹಿಡಿದು ಅಡುಗೆಮನೆಯಿಂದ ಹೊರಟ. ಅಜ್ಜಿಯ ಕೋಲು ದಾಟಿದ, ಯಾರದೋ ಮೊಣಕಾಲು ಬಳಸಿದ, ಮಡಿಸಿಟ್ಟ ನೆಲಹಾಸಿನ ಮೇಲೆ ಹೆಜ್ಜೆ ಎತ್ತಿಟ್ಟ. ಕೆಂಪು ಸೂಪು ಅಂಚಿಗೆ ಬರುವುದು, ನಾವೆಲ್ಲ ಉಸಿರು ಬಿಗಿ ಹಿಡಿಯುವುದು, ಅದು ಹಾಗೇ ಹಿಂದೆ ಸರಿಯುವುದು. ಹೀಗೆ ಏಳು ಸಲ ಬಂದು ಹೋದ. ಜಿನೈದಾಳ ಬಿಳಿ ಕಾಲರಿನ ಮೇಲೆ ಬಾಗಿ ಕೊನೆಯ ಬಟ್ಟಲು ಇಟ್ಟ. ಒಂದು ಹನಿ ಚೆಲ್ಲಲಿಲ್ಲ.

ಗೊರ್ದೇಯ್ ಬಾಯಿ ತೆರೆದುಕೊಂಡೇ ನೋಡುತ್ತಿದ್ದವನು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡ.

“ನೋಡಿದ್ರಾ,” ಎಂದ ಮೆಲ್ಲಗೆ. “ಚಂದ್ರನ ಮೇಲೆ ಓಡಿಸಿದ ಕೈ ಅಂದ್ರೆ ಇದು.”

ಕ್ಲಾವ್ದಿಯಾ ನನ್ನ ಕಡೆ ನೋಡಿದಳು. ನಡುವಿನ ಗೋಡೆ ಎಷ್ಟು ತೆಳು ಎಂದು ಅವಳಿಗೂ ಗೊತ್ತಿತ್ತು. ನಾನು ತಲೆ ಬಗ್ಗಿಸಿ ಸೂಪು ಕುಡಿದೆ. ಉಪ್ಪು ಹದವಾಗಿತ್ತು.